ಟ್ರ್ಯಾಕ್ಟರ್ ಯಾಕ ನಿಂತಿತು?

(ರಾಜೂರದ ಮಹಿಳೆಯರ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇಂದು ನಾವು ಟ್ರ್ಯಾಕ್ಟರಿನ ಬಗ್ಗೆ ಮಾತಾಡೋಣ. "ಇದೇನ್ರಿ? ಟ್ರ್ಯಾಕ್ಟರ್ ಅಂದ್ರ ಗಂಡಸರ ಕೆಲಸ. ನಮಗ್ಯಾಕ ಅದು?" ಎಂದು ಕೆಲವರಿಗೆ ಅನಿಸಬಹುದು. ನಮಗೂ ಹಾಗೇ ಅನಿಸುತ್ತಿತ್ತು. ಒಂದು ವರ್ಷ ಪೆಟ್ಟು ತಿಂದ ಮೇಲೆ ಬುದ್ಧಿ ಬಂತು. ಆ ಸಂಗತಿ ಮೊದಲು ಹೇಳುತ್ತೇವೆ.

ಹದ ಹೋಯಿತು

ನಮ್ಮ ರಾಜೂರ ಮೊದಲು ಧಾರವಾಡ ಜಿಲ್ಲೆಯಲ್ಲಿತ್ತು. 1997ರಲ್ಲಿ ಗದಗ ಜಿಲ್ಲೆ ಆಯಿತು. ಆಗ ನಮ್ಮದು ರೋಣ ತಾಲೂಕು. ಈಗ ಗಜೇಂದ್ರಗಡ ತಾಲೂಕು. ಜಿಲ್ಲೆ ಬದಲಾಯಿತು, ತಾಲೂಕು ಬದಲಾಯಿತು. ಒಕ್ಕಲುತನ ಬದಲಾಗಲಿಲ್ಲ. ಇಂದಿಗೂ ನಾವು ಮಳೆಯ ಕಡೆಗೇ ಮುಖ ಮಾಡಿ ಕೂಡುವವರು.

ಹಿಂಗಾರಿಯಲ್ಲಿ ಕಡಲೆ ಬಿತ್ತುತ್ತೇವೆ. ಬಿಳಿಜೋಳ ಬಿತ್ತುತ್ತೇವೆ. ಬಿತ್ತಿದ ಮೇಲೆ ಮಳೆ ಬಂದೇ ಬರುತ್ತದೆ ಎಂಬ ಭರವಸೆ ಇಲ್ಲ. ಎರೆ ಮಣ್ಣಿನ ಹೊಟ್ಟೆಯಲ್ಲಿ ಇರುವ ಹಸಿಯೇ ಬೆಳೆಗೆ ಆಸರೆ. ಹದ ನೋಡಿ ಹರಗಬೇಕು, ಬೆದೆ ನೋಡಿ ಬಿತ್ತಬೇಕು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಆ ವರ್ಷ ಮಳೆ ಚೆನ್ನಾಗಿ ಆಗಿತ್ತು. ಹೊಲ ಹದಕ್ಕೆ ಬಂದಿತ್ತು. ಕಡಲೆ ಬಿತ್ತಲು ನಾವು ಬಾಡಿಗೆ ಟ್ರ್ಯಾಕ್ಟರ್ ಹೇಳಿದ್ದೆವು. ಮುಂಜಾನೆ ಬಂತು. ಕೂರಿಗೆ ಕಟ್ಟಿದರು. ಒಂದು ತಾಸು ಬಿತ್ತಿತು. ಆಮೇಲೆ ಎಂಜಿನ್ ಸೊರಗಿ ನಿಂತುಬಿಟ್ಟಿತು.

ಸ್ವಲ್ಪ ಹೊತ್ತು ಬಿಟ್ಟು ಚಾಲು ಮಾಡಿದರೆ ಚಾಲು ಆಯಿತು. ಎರಡು ಸಾಲು ಹೋಯಿತು. ಮತ್ತೆ ನಿಂತಿತು. ಹೀಗೇ ಮೂರು ನಾಲ್ಕು ಸಲ ಆಯಿತು. ಡ್ರೈವರ್ ಹೊಸ ಹುಡುಗ. "ಪಂಪು ಹೋಗೈತಿ. ಬಿಚ್ಚಿ ಗಜೇಂದ್ರಗಡಕ್ಕ ಒಯ್ಯಬೇಕು" ಅಂದ.

ನಮ್ಮಲ್ಲೊಬ್ಬಾಕೆ ಡೀಸೆಲ್ ಟಾಕಿಯನ್ನೇ ನೋಡುತ್ತಾ ನಿಂತಿದ್ದಳು. "ತಮ್ಮಾ, ಈ ಮುಚ್ಚಳಕ್ಕ ಎಷ್ಟು ರಾಡಿ ಮೆತ್ತೈತಿ ನೋಡು. ಏನರ ಕಟ್ಟಿಕೊಂಡಿರಬೇಕು" ಅಂದಳು. "ಅದಕ್ಕೂ ಇದಕ್ಕೂ ಏನ್ ಸಂಬಂಧ ಅಕ್ಕಾ? ನಿಮಗ ತಿಳಿಯಂಗಿಲ್ಲ, ನೀವು ಸುಮ್ಮನ ಕೂಡ್ರಿ" ಅಂದ ಆ ಹುಡುಗ. ನಾವು ಸುಮ್ಮನೆ ಕುಳಿತೆವು.

ಆ ದಿನ ಹೋಯಿತು. ಮರುದಿನ ಮಿಸ್ತ್ರಿ ಸಿಗಲಿಲ್ಲ. ಮೂರನೇ ದಿನ ಬಂದ. ಟಾಕಿಯ ಮುಚ್ಚಳ ತಿರುವಿದ. 'ಸುಸ್' ಎಂದು ಗಾಳಿ ಒಳಗೆ ಎಳೆದ ಸಪ್ಪಳ ಆಯಿತು. ಮಿಸ್ತ್ರಿ ನಕ್ಕ. ಮುಚ್ಚಳದಲ್ಲಿ ಸಣ್ಣ ತೂತು ಇರುತ್ತದೆ. ಅದರಲ್ಲಿ ಮಣ್ಣು ತುಂಬಿ ಒಣಗಿತ್ತು. ತಂತಿಯಿಂದ ಚುಚ್ಚಿ ತೆಗೆದ. ಡೀಸೆಲ್ಲಿನಿಂದ ತೊಳೆದು ಹಾಕಿದ. ಟ್ರ್ಯಾಕ್ಟರ್ ಮತ್ತೆ ನಿಲ್ಲಲೇ ಇಲ್ಲ.

ಐದು ನಿಮಿಷದ ಕೆಲಸ. ಅದಕ್ಕೆ ಮೂರು ದಿನ ಹೋದವು. ಮೊದಲ ದಿನ ಬಿತ್ತಿದ ಕಡೆ ಕಡಲೆ ಸಾಲು ಹಿಡಿದು ಎದ್ದಿತು. ಮೂರನೇ ದಿನ ಬಿತ್ತಿದ ಕಡೆ ಮಣ್ಣು ಮೇಲೆ ಆರಿತ್ತು. ಅಲ್ಲಲ್ಲಿ ಮೊಳಕೆ ಬರಲಿಲ್ಲ. ಹೊಲ ಬೋಳು ಬೋಳು ಕಂಡಿತು.

ಹೇಳ್ರಿ ಅಕ್ಕಾರ, ಆ ಲುಕ್ಸಾನು ಯಾರದು? ಗಂಡಸರದಷ್ಟೇ ಅಲ್ಲ. ಬೀಜ ಹಸನು ಮಾಡಿದವರು ನಾವು. ಸಾಲ ತಂದವರೂ ನಾವು. ಅಂದ ಮೇಲೆ ಟ್ರ್ಯಾಕ್ಟರ್ ಯಾಕೆ ನಿಂತಿತು ಎಂದು ತಿಳಿಯುವುದೂ ನಮ್ಮ ಕೆಲಸವೇ.

ಮುಚ್ಚಳದ ತೂತು ಯಾಕೆ ಬೇಕು?

ಎಣ್ಣೆ ಡಬ್ಬಿ ನೋಡಿರಿ. ಒಂದೇ ತೂತು ಮಾಡಿ ಬಗ್ಗಿಸಿದರೆ ಎಣ್ಣೆ ಸರಾಗ ಬರುವುದಿಲ್ಲ. ಬುಳುಕ್ ಬುಳುಕ್ ಎಂದು ಬಂದು ನಿಲ್ಲುತ್ತದೆ. ಇನ್ನೊಂದು ತೂತು ಮಾಡಿದರೆ ಧಾರೆಯಾಗಿ ಬರುತ್ತದೆ. ಎಣ್ಣೆ ಹೊರಗೆ ಬರಬೇಕಾದರೆ ಗಾಳಿ ಒಳಗೆ ಹೋಗಬೇಕು.

ಟ್ರ್ಯಾಕ್ಟರಿನ ಟಾಕಿಗೂ ಇದೇ ಮಾತು. ತೂತು ಮುಚ್ಚಿದರೆ ಡೀಸೆಲ್ ಇಳಿಯುವುದಿಲ್ಲ. ಎಂಜಿನ್ ನಿಲ್ಲುತ್ತದೆ. ಸ್ವಲ್ಪ ಹೊತ್ತಿನಲ್ಲಿ ಸಂದಿಯಿಂದ ಒಂದಿಷ್ಟು ಗಾಳಿ ಸೇರುತ್ತದೆ. ಮತ್ತೆ ಚಾಲು ಆಗುತ್ತದೆ. ಮತ್ತೆ ನಿಲ್ಲುತ್ತದೆ.

ಈ ಮಾತು ನಮಗೆಲ್ಲ ಗೊತ್ತಿದ್ದದ್ದೇ. ಮನೆಯಲ್ಲಿ ಗೊತ್ತಿದ್ದದ್ದು ಹೊಲದಲ್ಲಿ ನೆನಪಾಗಲಿಲ್ಲ, ಅಷ್ಟೆ.

ಡೀಸೆಲ್ ಹೇಗೆ ಉರಿಯುತ್ತದೆ?

ಡೀಸೆಲ್ ಎಂಬುದು ಒಬ್ಬ ಮನುಷ್ಯನ ಹೆಸರು. ರುಡಾಲ್ಫ್ ಡೀಸೆಲ್ ಎಂಬ ಎಂಜಿನಿಯರ್ ಜರ್ಮನಿ ದೇಶದವನು. 1897ರಲ್ಲಿ ಅವನು ಮಾಡಿದ ಎಂಜಿನ್ ಚೆನ್ನಾಗಿ ಓಡಿತು. ಅವನ ಹೆಸರೇ ಎಂಜಿನ್ನಿಗೂ ಎಣ್ಣೆಗೂ ಬಂತು. 1900ರಲ್ಲಿ ಪ್ಯಾರಿಸ್ ನಗರದಲ್ಲಿ ದೊಡ್ಡ ಪ್ರದರ್ಶನ ನಡೆಯಿತು. ಅಲ್ಲಿ ಒಂದು ಡೀಸೆಲ್ ಎಂಜಿನ್ನನ್ನು ಶೇಂಗಾ ಎಣ್ಣೆ ಹಾಕಿ ಓಡಿಸಿ ತೋರಿಸಿದರು. ಹಾಗೆಂದು ನೀವು ಅಡಿಗೆ ಎಣ್ಣೆ ತಂದು ಟ್ರ್ಯಾಕ್ಟರಿಗೆ ಸುರಿಯಬ್ಯಾಡ್ರಿ. ಅದು ದಪ್ಪ. ಈಗಿನ ಎಂಜಿನ್ನಿನ ಸಣ್ಣ ತೂತುಗಳು ಅದರಿಂದ ಕಟ್ಟುತ್ತವೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಚ್ಚುವ ಪ್ಲಗ್ ಇರುವುದಿಲ್ಲ. ಹಾಗಾದರೆ ಬೆಂಕಿ ಎಲ್ಲಿಂದ ಬರುತ್ತದೆ? ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಎಂಜಿನ್ನಿನ ಒಳಗೆ ಗಾಳಿಯನ್ನು ಸುಮಾರು 16ರಿಂದ 18 ಪಟ್ಟು ಇಕ್ಕಟ್ಟು ಮಾಡಿ ಒತ್ತುತ್ತಾರೆ. ಅದು ಕೆಂಡದಂತೆ ಕಾಯುತ್ತದೆ. ಆ ಬಿಸಿ ಗಾಳಿಗೆ ಡೀಸೆಲ್ಲನ್ನು ಮಂಜಿನಂತೆ ಸಿಂಪಡಿಸಿದರೆ ತಾನೇ ಹೊತ್ತಿಕೊಳ್ಳುತ್ತದೆ.

ಆದ್ದರಿಂದ ಸರಿಯಾದ ಹೊತ್ತಿಗೆ, ಸರಿಯಾದಷ್ಟು, ಮಂಜಿನಂತೆ ಡೀಸೆಲ್ ಒಳಗೆ ಹೋಗಬೇಕು. ಇದರಲ್ಲಿ ಎಲ್ಲಿ ತಪ್ಪಿದರೂ ಎಂಜಿನ್ ತಕರಾರು ಮಾಡುತ್ತದೆ.

ಡೀಸೆಲ್ಲಿನ ದಾರಿ

ಕೆರೆಯಿಂದ ಹೊಲಕ್ಕೆ ನೀರು ಬರುವ ಕಾಲುವೆ ನೆನಪಿಗೆ ತಂದುಕೊಳ್ಳಿರಿ. ಡೀಸೆಲ್ಲಿಗೂ ಹಾಗೆ ಒಂದು ದಾರಿ ಉಂಟು. ಇದನ್ನು ಬೆರಳು ಮಡಚಿ ಎಣಿಸೋಣ.

ಒಂದು, ಟಾಕಿ. ಇಲ್ಲಿ ಡೀಸೆಲ್ ತುಂಬುತ್ತೇವೆ.

ಎರಡು, ಟಾಕಿಯ ಕೆಳಗಿನ ನಳ. ಇದನ್ನು ತೆರೆದರೆ ಡೀಸೆಲ್ ಇಳಿಯುತ್ತದೆ.

ಮೂರು, ಫೀಡ್ ಪಂಪು. ಇದು ಡೀಸೆಲ್ಲನ್ನು ಮುಂದೆ ದೂಡುತ್ತದೆ. ಇದಕ್ಕೆ ಒಂದು ಸಣ್ಣ ಕೈಪಂಪು ಇರುತ್ತದೆ. ಕೆಲವು ಟ್ರ್ಯಾಕ್ಟರಿಗೆ ಈ ಪಂಪು ಇರುವುದಿಲ್ಲ. ಡೀಸೆಲ್ ತಾನೇ ಇಳಿದು ಬರುತ್ತದೆ.

ನಾಲ್ಕು, ಫಿಲ್ಟರ್. ಚಹಾ ಸೋಸಿದಂತೆ ಇಲ್ಲಿ ಡೀಸೆಲ್ ಸೋಸುತ್ತದೆ. ಬಹಳ ಟ್ರ್ಯಾಕ್ಟರುಗಳಿಗೆ ಎರಡು ಫಿಲ್ಟರ್ ಇರುತ್ತವೆ.

ಐದು, ದೊಡ್ಡ ಪಂಪು. ಇದು ಡೀಸೆಲ್ಲನ್ನು ಬಹಳ ಒತ್ತಿ ಕಳಿಸುತ್ತದೆ. ಇದನ್ನು ನಮ್ಮ ಕಡೆ ಮಿಸ್ತ್ರಿಗಳು ಮೈಕೊ ಪಂಪು ಎಂದೂ ಕರೆಯುತ್ತಾರೆ. ಮೈಕೊ ಎಂಬ ಕಂಪನಿ 1951ರಲ್ಲಿ ಶುರುವಾಯಿತು. ಇಂಥ ಪಂಪುಗಳನ್ನು ಮಾಡಿ ದೇಶಕ್ಕೆಲ್ಲ ಕಳಿಸಿತು. 2008ರಲ್ಲಿ ಅದರ ಹೆಸರು ಬಾಷ್ ಎಂದಾಯಿತು. ಆದರೂ ಜನರ ಬಾಯಲ್ಲಿ ಮೈಕೊ ಉಳಿದಿದೆ.

ಆರು, ಉಕ್ಕಿನ ಸಣ್ಣ ಪೈಪುಗಳು.

ಏಳು, ನಾಝಲ್. ಪಂಪ್ ಸ್ಟೋವಿನ ಸಣ್ಣ ತೂತು ನೋಡಿದ್ದೀರಲ್ಲ? ಪಿನ್ನು ಹಾಕಿ ಚುಚ್ಚುತ್ತಿದ್ದೆವಲ್ಲ? ಅದರ ಹಾಗೆ ಇದು. ಇದರಿಂದ ಡೀಸೆಲ್ ಮಂಜಿನಂತೆ ಸಿಡಿಯುತ್ತದೆ. ಉಳಿದ ಡೀಸೆಲ್ ಬೇರೆ ಪೈಪಿನಿಂದ ವಾಪಸು ಹೋಗುತ್ತದೆ.

ಏಳು ಠಾಣೆ ಇವು. ಒಂದರಿಂದ ನಾಲ್ಕರವರೆಗೆ ನಾವು ನೋಡಬಹುದು, ಒರೆಸಬಹುದು, ಸರಿ ಮಾಡಬಹುದು. ಐದರಿಂದ ಏಳರವರೆಗೆ ಮಿಸ್ತ್ರಿಯ ಕೆಲಸ. ಈ ಗೆರೆಯನ್ನು ಮರೆಯಬಾರದು.

ಮೂವರು ಕಳ್ಳರು

ಡೀಸೆಲ್ಲಿನ ದಾರಿಯಲ್ಲಿ ಮೂವರು ಕಳ್ಳರು ಕೂತಿರುತ್ತಾರೆ. ಕಸ, ನೀರು, ಗಾಳಿ.

ಕಸ ಹೇಗೆ ಬರುತ್ತದೆ? ಡಬ್ಬಿ ಹೊಲಸು ಇರುತ್ತದೆ. ಲಾಳಿಕೆ ಹೊಲಸು ಇರುತ್ತದೆ. ಮುಚ್ಚಳ ತೆಗೆಯುವಾಗ ಸುತ್ತಲಿನ ಧೂಳು ಒಳಗೆ ಬೀಳುತ್ತದೆ. ಕೈ ಒರೆಸಿದ ಅರಿವೆಯ ನೂಲೂ ಒಳಗೆ ಹೋಗುತ್ತದೆ. ಇದೆಲ್ಲ ಹೋಗಿ ಫಿಲ್ಟರಿನಲ್ಲಿ ಕಟ್ಟುತ್ತದೆ. ಎಂಜಿನ್ ಖಾಲಿ ಇದ್ದಾಗ ಓಡುತ್ತದೆ. ರಂಟಿ ಹಚ್ಚಿದ ಕೂಡಲೇ ಸೊರಗುತ್ತದೆ. ಯಾಕೆಂದರೆ ಭಾರ ಎಳೆಯುವಾಗ ಹೆಚ್ಚು ಡೀಸೆಲ್ ಬೇಕು. ಕಟ್ಟಿದ ಫಿಲ್ಟರ್ ಅಷ್ಟು ಬಿಡುವುದಿಲ್ಲ.

ನೀರು ಹೇಗೆ ಬರುತ್ತದೆ? ಮಳೆಯಲ್ಲಿ ಡಬ್ಬಿ ತೆರೆದಿಟ್ಟರೆ ಬರುತ್ತದೆ. ಇನ್ನೊಂದು ದಾರಿಯೂ ಇದೆ. ಟಾಕಿ ಅರ್ಧ ಖಾಲಿ ಇದ್ದರೆ ರಾತ್ರಿ ತಂಪಿಗೆ ಒಳಗಿನ ಗಾಳಿಯ ಪಸೆ ಹನಿಯಾಗುತ್ತದೆ. ಬಿಸಿ ಅನ್ನದ ಪಾತ್ರೆಯ ಮುಚ್ಚಳಕ್ಕೆ ಹನಿ ಕಟ್ಟಿದಂತೆ. ಆದ್ದರಿಂದ ಸಂಜೆ ಕೆಲಸ ಮುಗಿದ ಮೇಲೆ ಟಾಕಿ ತುಂಬಿಸಿ ಇಡುವುದು ಒಳ್ಳೆಯದು.

ನೀರು ಬಂದಿದೆ ಎಂದು ಹೇಗೆ ತಿಳಿಯುವುದು? ಸಾರಿನ ಮೇಲೆ ಎಣ್ಣೆ ತೇಲುತ್ತದೆ. ಹಾಗೆ ನೀರಿನ ಮೇಲೆ ಡೀಸೆಲ್ ತೇಲುತ್ತದೆ. ನೀರು ತಳಕ್ಕೆ ಕೂಡುತ್ತದೆ. ಮುಂಜಾನೆ ಎಂಜಿನ್ ಚಾಲು ಮಾಡುವ ಮೊದಲು ಫಿಲ್ಟರಿನ ಕೆಳಗಿನ ಇಸ್ಕ್ರೂ ಸಡಿಲು ಮಾಡಿರಿ. ಒಂದು ಗಾಜಿನ ಬಾಟಲಿಯಲ್ಲಿ ಸ್ವಲ್ಪ ಹಿಡಿಯಿರಿ. ಹತ್ತು ನಿಮಿಷ ಅಲುಗಿಸದೆ ಇಡಿರಿ. ತಳದಲ್ಲಿ ಬೇರೆ ಪದರ ಕಂಡರೆ ಅದು ನೀರು. ಬರೀ ಡೀಸೆಲ್ ಬರುವವರೆಗೆ ಬಿಟ್ಟು ಇಸ್ಕ್ರೂ ಬಿಗಿ ಮಾಡಿರಿ. ನೀರು ಪಂಪಿನೊಳಗೆ ಹೋದರೆ ತುಕ್ಕು ಹಿಡಿಯುತ್ತದೆ. ಆಗ ಖರ್ಚು ದೊಡ್ಡದು.

ಗಾಳಿ ಹೇಗೆ ಬರುತ್ತದೆ? ಟಾಕಿ ಪೂರಾ ಖಾಲಿಯಾದರೆ ಬರುತ್ತದೆ. ಪೈಪು ಸೀಳಿದರೆ ಬರುತ್ತದೆ. ವಾಶರ್ ಕೆಟ್ಟರೆ, ನಟ್ಟು ಸಡಿಲಾದರೆ ಬರುತ್ತದೆ. ಫಿಲ್ಟರ್ ಬದಲಿಸಿದಾಗಲೂ ಬರುತ್ತದೆ. "ಏರ್ ಹಿಡದೈತಿ" ಎಂದು ಡ್ರೈವರ್ ಹೇಳುವುದು ಇದಕ್ಕೇ. ಗಾಳಿಯನ್ನು ಒತ್ತಿದರೆ ಅದು ಕುಗ್ಗುತ್ತದೆ. ಡೀಸೆಲ್ಲನ್ನು ಮುಂದೆ ದೂಡುವುದಿಲ್ಲ. ಆದ್ದರಿಂದ ಎಂಜಿನ್ ಚಾಲು ಆಗುವುದಿಲ್ಲ, ಇಲ್ಲವೇ ತಡವರಿಸುತ್ತದೆ.

ಟ್ರ್ಯಾಕ್ಟರ್ ನಿಂತಾಗ ಏನು ನೋಡಬೇಕು?

ಗಾಬರಿ ಬ್ಯಾಡ್ರಿ. ಸಾಲಾಗಿ ನೋಡುತ್ತ ಹೋಗಬೇಕು. ಟಾಕಿಯಿಂದ ಶುರು ಮಾಡಬೇಕು.

ಮೊದಲು ಎಂಜಿನ್ ತಿರುಗುತ್ತದೆಯೇ ನೋಡಿರಿ. ಚಾವಿ ತಿರುವಿದರೂ ಎಂಜಿನ್ ತಿರುಗದಿದ್ದರೆ ಅದು ಡೀಸೆಲ್ಲಿನ ತಕರಾರು ಅಲ್ಲ. ಬ್ಯಾಟರಿ ನೋಡಬೇಕು.

ಎಂಜಿನ್ ತಿರುಗುತ್ತದೆ, ಆದರೆ ಚಾಲು ಆಗುವುದಿಲ್ಲ. ಹೊಗೆ ಕೊಳವೆಯಿಂದ ಹೊಗೆಯೇ ಬರುವುದಿಲ್ಲ. ಹಾಗಾದರೆ ಡೀಸೆಲ್ ಮುಟ್ಟುತ್ತಿಲ್ಲ ಎಂದು ಅರ್ಥ. ಆಗ ಇವನ್ನು ನೋಡಿರಿ.

ಎಂಜಿನ್ ಬಂದ್ ಮಾಡಲು ಎಳೆಯುವ ಗುಬ್ಬಿ ಒಳಗೆ ಹೋಗಿದೆಯೇ? ಬಹಳ ಸಲ ಅದನ್ನು ಎಳೆದು ಹಾಗೇ ಬಿಟ್ಟಿರುತ್ತಾರೆ.

ಟಾಕಿಯಲ್ಲಿ ಡೀಸೆಲ್ ಇದೆಯೇ? ಮುಳ್ಳು ನೋಡಿ ನಂಬಬೇಡಿರಿ. ಒಣಗಿದ, ಸ್ವಚ್ಛ ಕಡ್ಡಿ ಅದ್ದಿ ನೋಡಿರಿ.

ನಳ ತೆರೆದಿದೆಯೇ?

ಮುಚ್ಚಳದ ತೂತು ಕಟ್ಟಿದೆಯೇ? ಮುಚ್ಚಳ ಸಡಿಲು ಮಾಡಿದಾಗ 'ಸುಸ್' ಎಂದರೆ ಕಟ್ಟಿದೆ ಎಂದು ತಿಳಿಯಿರಿ.

ಪೈಪಿನ ಗಂಟುಗಳಲ್ಲಿ ಪಸೆ ಇದೆಯೇ? ಡೀಸೆಲ್ ಸೋರಿದ ಕಡೆ ಧೂಳು ಮೆತ್ತಿ ಕಪ್ಪಾಗಿರುತ್ತದೆ. ಅಲ್ಲೇ ಗಾಳಿಯೂ ಒಳಗೆ ಹೋಗುತ್ತದೆ.

ಇಷ್ಟು ನೋಡಿದರೂ ಚಾಲು ಆಗದಿದ್ದರೆ ಏರ್ ತೆಗೆಯಬೇಕು.

ಏರ್ ತೆಗೆಯುವ ರೀತಿ

ಮೊದಲ ಸಲ ಮಿಸ್ತ್ರಿಯನ್ನಾಗಲಿ, ತಿಳಿದವರನ್ನಾಗಲಿ ಹತ್ತಿರ ನಿಲ್ಲಿಸಿಕೊಂಡು ಕಲಿಯಿರಿ. ಎಂಜಿನ್ ಬಂದ್ ಇರಬೇಕು. ಹ್ಯಾಂಡ್ ಬ್ರೇಕ್ ಹಾಕಿರಬೇಕು. ಎಂಜಿನ್ ಆರಿರಬೇಕು. ಹತ್ತಿರ ಬೀಡಿ, ಚಿಮಣಿ, ಒಲೆ ಇರಬಾರದು.

ಫಿಲ್ಟರಿನ ಮೇಲಿನ ಜಾಗವನ್ನು ಸ್ವಚ್ಛ ಅರಿವೆಯಿಂದ ಒರೆಸಿರಿ. ಅಲ್ಲಿ ಗಾಳಿ ಬಿಡುವ ಸಣ್ಣ ಇಸ್ಕ್ರೂ ಇರುತ್ತದೆ. ಪಾನಾ ಹಾಕಿ ಒಂದೆರಡು ಸುತ್ತು ಸಡಿಲು ಮಾಡಿರಿ. ಪೂರಾ ತೆಗೆಯಬೇಡಿರಿ. ಇನ್ನೊಬ್ಬರು ಕೈಪಂಪು ಒತ್ತಲಿ. ಮೊದಲು ನೊರೆ ಬರುತ್ತದೆ. ಗುಳ್ಳೆ ಬರುತ್ತವೆ. ಒತ್ತುತ್ತಲೇ ಇರಬೇಕು. ಗುಳ್ಳೆ ನಿಂತು ಬರೀ ಡೀಸೆಲ್ ಬಂದಾಗ ಇಸ್ಕ್ರೂ ಬಿಗಿ ಮಾಡಬೇಕು.

ಮೊದಲನೇ ಫಿಲ್ಟರ್ ಆದ ಮೇಲೆ ಎರಡನೇದು. ಬಿದ್ದ ಡೀಸೆಲ್ಲನ್ನು ಪೂರಾ ಒರೆಸಬೇಕು. ಆಮೇಲೆ ಚಾವಿ ತಿರುವಬೇಕು. ಒಂದೇ ಸಮನೆ ತಿರುವಿ ಹಿಡಿಯಬಾರದು. ಹತ್ತು ಎಣಿಸುವಷ್ಟು ಹೊತ್ತು ಸಾಕು. ಒಂದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಇಲ್ಲದಿದ್ದರೆ ಬ್ಯಾಟರಿಯೂ ಇಳಿಯುತ್ತದೆ, ಸ್ಟಾರ್ಟರೂ ಸುಡುತ್ತದೆ.

ಇವತ್ತು ಏರ್ ತೆಗೆದಿರಿ. ನಾಳೆ ಮತ್ತೆ ಏರ್ ಹಿಡಿಯಿತು. ಹಾಗಾದರೆ ಎಲ್ಲೋ ಗಾಳಿ ಹೋಗುವ ಸಂದಿ ಇದೆ. ಕೊಡ ಸೋರಿದರೆ ನೀರು ತುಂಬುತ್ತಾ ಕೂಡುತ್ತೇವೆಯೇ? ತೂತು ಹುಡುಕುತ್ತೇವೆ. ಹಾಗೆ ವಾಶರ್, ಪೈಪು ನೋಡಿಸಬೇಕು.

ಹೊಗೆ ಏನು ಹೇಳುತ್ತದೆ?

ಒಲೆಯ ಹೊಗೆ ನೋಡಿ ಕಟ್ಟಿಗೆ ಹಸಿಯೋ ಒಣಗಿದ್ದೋ ನಾವು ಹೇಳುತ್ತೇವೆ. ಟ್ರ್ಯಾಕ್ಟರಿನ ಹೊಗೆಯೂ ಮಾತಾಡುತ್ತದೆ.

ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಮೊದಲು ಗಾಳಿ ಸೋಸುವ ಏರ್ ಕ್ಲೀನರ್ ನೋಡಿರಿ. ರಾಶಿ ಮಾಡುವಾಗ ಹೊಟ್ಟು, ಧೂಳು ಅದರಲ್ಲಿ ತುಂಬುತ್ತದೆ. ಶಕ್ತಿ ಮೀರಿ ಭಾರ ಹೇರಿದರೂ ಕಪ್ಪು ಹೊಗೆ ಬರುತ್ತದೆ. ಇವೆರಡೂ ಸರಿ ಇದ್ದರೆ ನಾಝಲ್ ತೋರಿಸಬೇಕು.

ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗಿದೆ, ಆದರೆ ಸರಿಯಾಗಿ ಉರಿದಿಲ್ಲ. ಚಳಿಗಾಲದ ಮುಂಜಾನೆ ಸ್ವಲ್ಪ ಹೊತ್ತು ಬಂದರೆ ಚಿಂತೆ ಇಲ್ಲ. ಎಂಜಿನ್ ಕಾದ ಮೇಲೂ ಬಂದರೆ ಡೀಸೆಲ್ಲಿನಲ್ಲಿ ನೀರು ಇರಬಹುದು. ನಾಝಲ್ ಕೆಟ್ಟಿರಬಹುದು.

ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಅದು ಡೀಸೆಲ್ಲಿನ ತಕರಾರು ಅಲ್ಲ. ಮಿಸ್ತ್ರಿಗೆ ತೋರಿಸಬೇಕು.

ಇನ್ನೊಂದು ಮಾತು. ಎಂಜಿನ್ ಆಯಿಲ್ ಅಳೆಯುವ ಕಡ್ಡಿಯಲ್ಲಿ ಆಯಿಲ್ ತಾನಾಗಿಯೇ ಏರಿದರೆ ಖುಷಿ ಪಡಬೇಡಿರಿ. ಡೀಸೆಲ್ ಸೋರಿ ಆಯಿಲ್ಲಿಗೆ ಸೇರುತ್ತಿರಬಹುದು. ಆಯಿಲ್ ತೆಳುವಾದರೆ ಎಂಜಿನ್ ಸವೆಯುತ್ತದೆ. ಅಂಥ ಟ್ರ್ಯಾಕ್ಟರನ್ನು ಓಡಿಸದೆ ಮಿಸ್ತ್ರಿಯನ್ನು ಕರೆಯಿರಿ.

ಇಲ್ಲಿ ಕೈ ಹಚ್ಚಬಾರದು

ಅಕ್ಕಾರ, ಈ ಮಾತು ಲಕ್ಷ್ಯ ಕೊಟ್ಟು ಕೇಳ್ರಿ.

ದೊಡ್ಡ ಪಂಪು, ಉಕ್ಕಿನ ಪೈಪು, ನಾಝಲ್, ಈ ಮೂರನ್ನು ನಾವು ಬಿಚ್ಚಬಾರದು. ನಾಝಲ್ಲಿನ ಒತ್ತಡ ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಗಾಳಿಗಿಂತ ನೂರು ಪಟ್ಟಿಗೂ ಹೆಚ್ಚು. ಅಲ್ಲಿ ಸೋರುವ ಡೀಸೆಲ್ ಸೂಜಿಯಂತೆ ಚರ್ಮ ತೂರಿ ಒಳಗೆ ಹೋಗುತ್ತದೆ. ಎಲ್ಲಿ ಸೋರುತ್ತದೆ ಎಂದು ಬೆರಳು ಹಿಡಿದು ನೋಡಲೇಬಾರದು. ರಟ್ಟಿನ ತುಂಡು ಹಿಡಿದು ನೋಡಬೇಕು. ಒಂದು ವೇಳೆ ಚುಚ್ಚಿದರೆ ಹೊರಗೆ ಸಣ್ಣ ಗಾಯ ಕಾಣುತ್ತದೆ. ನೋವೂ ಮೊದಲು ಕಡಿಮೆ ಇರಬಹುದು. ಆದರೆ ಒಳಗೆ ಮಾಂಸ ಕೊಳೆಯುತ್ತದೆ. ಬೆರಳು ಹೋಗಬಹುದು, ಕೈ ಹೋಗಬಹುದು. ತಡ ಮಾಡದೆ ಅಂದೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. "ಡೀಸೆಲ್ ಚರ್ಮದ ಒಳಗ ಹೋಗೈತಿ" ಎಂದು ಡಾಕ್ಟರಿಗೆ ಬಿಡಿಸಿ ಹೇಳಬೇಕು.

ಪೈಪು ಬಾಯಿಗೆ ಇಟ್ಟು ಡೀಸೆಲ್ ಎಳೆಯಬಾರದು. ನಮ್ಮ ಹಳ್ಳಿಗಳಲ್ಲಿ ಇದು ಬಹಳ ನಡೆಯುತ್ತದೆ. ಒಂದು ಗುಟುಕು ಪುಪ್ಪುಸಕ್ಕೆ ಹೋದರೂ ಜೀವಕ್ಕೆ ಅಪಾಯ. ಕೂಸು ಡೀಸೆಲ್ ಕುಡಿದರೆ ವಾಂತಿ ಮಾಡಿಸಬೇಡಿರಿ. ವಾಂತಿಯ ಸಂಗಡ ಅದು ಪುಪ್ಪುಸಕ್ಕೆ ಹೋಗುತ್ತದೆ. ನೆಟ್ಟಗೆ ಆಸ್ಪತ್ರೆಗೆ ಒಯ್ಯಿರಿ. ನೀರಿನ ಬಾಟಲಿಯಲ್ಲಿ ಡೀಸೆಲ್ ಇಡುವ ರೂಢಿಯನ್ನು ಇಂದೇ ಬಿಡಿರಿ.

ಎಂಜಿನ್ ಓಡುತ್ತಿರುವಾಗ ಹತ್ತಿರ ಹೋಗಿ ಬಗ್ಗಬೇಡಿರಿ. ಸೆರಗು, ಜಡೆ ಫ್ಯಾನಿಗೆ ಸಿಕ್ಕರೆ ಕತೆ ಮುಗಿಯಿತು.

ಚಾಲು ಆಗುತ್ತಿಲ್ಲವೆಂದು ಗಾಳಿ ಹೋಗುವ ಬಾಯಿಗೆ ಪೆಟ್ರೋಲ್ ಸುರಿಯಬಾರದು. ಬೆಂಕಿ ಹಿಡಿಯಬಾರದು.

ಹೊಸ ದೊಡ್ಡ ಟ್ರ್ಯಾಕ್ಟರುಗಳ ಮಾತು ಬೇರೆ. 2023ರಿಂದ 50 ಎಚ್‌ಪಿಗಿಂತ ದೊಡ್ಡ ಹೊಸ ಟ್ರ್ಯಾಕ್ಟರುಗಳಿಗೆ ಹೊಗೆಯ ಕಟ್ಟುನಿಟ್ಟಿನ ನಿಯಮ ಬಂದಿದೆ. ಅಂಥ ಹಲವು ಟ್ರ್ಯಾಕ್ಟರುಗಳ ಪಂಪು ಕಂಪ್ಯೂಟರಿನ ಲೆಕ್ಕದ ಮೇಲೆ ನಡೆಯುತ್ತದೆ. ಒತ್ತಡ ಇನ್ನೂ ಬಹಳ ಹೆಚ್ಚು. ಅವಕ್ಕೆ ಕಂಪನಿಯ ಪುಸ್ತಕದಲ್ಲಿ ಬರೆದಷ್ಟೇ ಮಾಡಬೇಕು.

ಸ್ವಚ್ಛ ಡೀಸೆಲ್ ನಮ್ಮ ಕೈಯಲ್ಲಿದೆ

ಹಾಲಿನ ಪಾತ್ರೆಯನ್ನು ಎಷ್ಟು ಜ್ವಾಕಿಯಿಂದ ತೊಳೆಯುತ್ತೇವೆ! ಡೀಸೆಲ್ ಡಬ್ಬಿಗೂ ಅಷ್ಟೇ ಜ್ವಾಕಿ ಬೇಕು. ಡಬ್ಬಿ ಪೂರಾ ಒಣಗಿರಬೇಕು. ಲಾಳಿಕೆಗೆ ಸಣ್ಣ ಜಾಳಿಗೆ ಇರಬೇಕು. ಬ್ಯಾರಲ್ಲಿನಲ್ಲಿ ಇಟ್ಟ ಡೀಸೆಲ್ಲನ್ನು ಒಂದು ದಿನ ಅಲುಗಿಸದೆ ಬಿಟ್ಟರೆ ಕಸ, ನೀರು ತಳಕ್ಕೆ ಕೂಡುತ್ತವೆ. ತಳದ ಡೀಸೆಲ್ಲನ್ನು ಟಾಕಿಗೆ ಹಾಕಬಾರದು.

ಡೀಸೆಲ್ಲಿಗೆ ಸೀಮೆ ಎಣ್ಣೆ ಬೆರೆಸಬಾರದು. ಪಂಪಿನ ಒಳಗಿನ ಭಾಗಗಳಿಗೆ ಡೀಸೆಲ್ಲೇ ಜಿಡ್ಡು. ಸೀಮೆ ಎಣ್ಣೆಗೆ ಅಷ್ಟು ಜಿಡ್ಡು ಇಲ್ಲ. ಪಂಪು ಬೇಗ ಸವೆಯುತ್ತದೆ.

ಪೆಟ್ರೋಲ್ ಪಂಪಿನಲ್ಲಿ ರಶೀದಿ ಕೇಳಿ ಪಡೆಯಿರಿ. ಅಳತೆಯ ಮೇಲೆ ಸಂಶಯ ಬಂದರೆ 5 ಲೀಟರಿನ ಸರಕಾರಿ ಮುದ್ರೆಯ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಲು ಕೇಳಬಹುದು. ಅದು ಗಿರಾಕಿಯ ಹಕ್ಕು.

ಫಿಲ್ಟರನ್ನು ಎಷ್ಟು ತಾಸಿಗೆ ಬದಲಿಸಬೇಕು ಎಂದು ಟ್ರ್ಯಾಕ್ಟರಿನ ಪುಸ್ತಕದಲ್ಲಿ ಬರೆದಿರುತ್ತದೆ. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕಬಾರದು. ತೊಳೆದರೆ ಅದು ಹರಿಯುತ್ತದೆ. ಕಸವೆಲ್ಲ ಪಂಪಿಗೆ ಹೋಗುತ್ತದೆ. ಫಿಲ್ಟರಿನ ಉಳಿತಾಯ ಪಂಪಿನ ಖರ್ಚಿಗೆ ದಾರಿ.

ಒಂದು ವಹಿ ಇಡೋಣ

ನಮಗೆ ಈಗ ಅಕ್ಷರ ಬಂದಿವೆ. ಅಂಕಿ ಬಂದಿವೆ. ಅವನ್ನು ಟ್ರ್ಯಾಕ್ಟರಿಗೂ ಹಚ್ಚೋಣ.

ಟ್ರ್ಯಾಕ್ಟರಿನಲ್ಲಿ ತಾಸು ತೋರಿಸುವ ಮೀಟರ್ ಇರುತ್ತದೆ. ಕೆಲಸ ಶುರುವಾಗುವ ಮೊದಲು ಆ ಅಂಕಿ ಬರೆದುಕೊಳ್ಳಿರಿ. ಮುಗಿದ ಮೇಲೆ ಮತ್ತೆ ಬರೆಯಿರಿ. ಹಾಕಿದ ಡೀಸೆಲ್ ಎಷ್ಟು ಲೀಟರ್ ಬರೆಯಿರಿ.

ಒಂದು ಲೆಕ್ಕ ಮಾಡೋಣ. 8 ತಾಸಿಗೆ 28 ಲೀಟರ್ ಹೋಯಿತು. ಅಂದರೆ ತಾಸಿಗೆ ಮೂರೂವರೆ ಲೀಟರ್. ಮುಂದಿನ ತಿಂಗಳು ಅದೇ ಹೊಲ, ಅದೇ ಕೆಲಸ. 8 ತಾಸಿಗೆ 36 ಲೀಟರ್ ಹೋಯಿತು. ತಾಸಿಗೆ ನಾಲ್ಕೂವರೆ ಲೀಟರ್. ಒಂದು ಲೀಟರ್ ಯಾಕೆ ಹೆಚ್ಚಾಯಿತು? ಸೋರುತ್ತಿದೆಯೇ? ನಾಝಲ್ ಕೆಟ್ಟಿದೆಯೇ? ಯಾರಾದರೂ ತೆಗೆದರೇ? ವಹಿ ಇದ್ದರೆ ಪ್ರಶ್ನೆ ಏಳುತ್ತದೆ. ವಹಿ ಇಲ್ಲದಿದ್ದರೆ ಪ್ರಶ್ನೆಯೇ ಇಲ್ಲ.

ಸೋರುವ ಜಾಗದ ಕೆಳಗೆ ಒಂದು ತಾಸು ಬಟ್ಟಲು ಇಡಿರಿ. 50 ಮಿಲಿ ಬಂತು ಎನ್ನೋಣ. 8 ತಾಸಿಗೆ 400 ಮಿಲಿ. 10 ದಿನಕ್ಕೆ 4 ಲೀಟರ್. ಒಂದು ವಾಶರಿನ ಬೆಲೆ ಎಷ್ಟು, 4 ಲೀಟರ್ ಡೀಸೆಲ್ಲಿನ ಬೆಲೆ ಎಷ್ಟು? ನೀವೇ ಹೇಳಿರಿ.

ರಿಪೇರಿ ಮಾಡಿಸಿದರೆ ತಾರೀಖು, ಹಾಕಿದ ಸಾಮಾನು, ಕೊಟ್ಟ ಹಣ ಬರೆದಿಡಿರಿ. ಬದಲಿಸಿದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ಬಾಡಿಗೆ ಟ್ರ್ಯಾಕ್ಟರ್ ಆದರೆ, ನಿಂತ ತಾಸಿನ ಬಾಡಿಗೆ ಕೊಡಬೇಕೋ ಬೇಡವೋ ಎಂದು ಮೊದಲೇ ಮಾತಾಡಿರಿ.

ಮತ್ತೆ ಹಿಂಗಾರಿ ಬಂತು

ನಮ್ಮ ಮೊದಲಿನ ಕತೆಗೆ ಬರೋಣ. ಮರುವರ್ಷ ಕಡಲೆ ಬಿತ್ತುವಾಗ ಮತ್ತೆ ಟ್ರ್ಯಾಕ್ಟರ್ ನಿಂತಿತು. ಈ ಸಲ ನಾವು ಸುಮ್ಮನೆ ಕೂಡಲಿಲ್ಲ. ಮುಚ್ಚಳ ನೋಡಿದೆವು. ಸರಿ ಇತ್ತು. ಕಡ್ಡಿ ಅದ್ದಿದೆವು. ಡೀಸೆಲ್ ಇತ್ತು. ಬಾಟಲಿಯಲ್ಲಿ ಹಿಡಿದು ನೋಡಿದೆವು. ನೀರು ಇರಲಿಲ್ಲ. ಡ್ರೈವರ್ ಇಸ್ಕ್ರೂ ಸಡಿಲು ಮಾಡಿದ. ನಮ್ಮಾಕೆಯೇ ಕೈಪಂಪು ಒತ್ತಿದಳು. ಗುಳ್ಳೆ ಇರಲಿಲ್ಲ. ಡೀಸೆಲ್ ಫಿಲ್ಟರಿನವರೆಗೆ ಸರಾಗ ಬರುತ್ತಿತ್ತು.

ಅಂದರೆ ತಕರಾರು ಗೆರೆಯ ಆಚೆ ಇತ್ತು. ನಾವು ಮುಂದೆ ಬಿಚ್ಚಲಿಲ್ಲ. ಅರ್ಧ ತಾಸಿನಲ್ಲೇ ಮಿಸ್ತ್ರಿಗೆ ಫೋನ್ ಮಾಡಿದೆವು. "ಟಾಕಿಯಿಂದ ಫಿಲ್ಟರತನಕ ಎಲ್ಲಾ ನೋಡೇವಿ. ಏರ್ ಇಲ್ಲ, ನೀರಿಲ್ಲ. ದೊಡ್ಡ ಪಂಪು ನೋಡಬೇಕಾಗೈತಿ. ಅದಕ್ಕ ಬೇಕಾದ ಸಾಮಾನು ತಗೊಂಡ ಬಾ" ಎಂದೆವು. ಅವನು ಸಾಮಾನು ಹಿಡಿದೇ ಬಂದ. ಮಧ್ಯಾಹ್ನಕ್ಕೆ ಕೂರಿಗೆ ಮತ್ತೆ ಓಡಿತು. ಹದ ಉಳಿಯಿತು.

ನೋಡಿರಿ, ಆ ದಿನ ನಾವು ರಿಪೇರಿ ಮಾಡಲಿಲ್ಲ. ಎಲ್ಲಿ ತಪ್ಪಿಲ್ಲ ಎಂದು ತಿಳಿದೆವು. ಎಲ್ಲಿ ನಿಲ್ಲಬೇಕು ಎಂದು ತಿಳಿದೆವು. ಅದರಿಂದಲೇ ಎರಡು ದಿನ ಉಳಿದವು.

ಇನ್ನೂ ಕಲಿಯಬೇಕೆಂದರೆ ದಾರಿ ಇವೆ. ಹುಲಕೋಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಧಾರವಾಡದಲ್ಲಿ 1986ರಲ್ಲಿ ಶುರುವಾದ ಕೃಷಿ ವಿಶ್ವವಿದ್ಯಾಲಯ ಇದೆ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, "ಹೆಣ್ಣುಮಕ್ಕಳಿಗೆ ಯಂತ್ರದ ತರಬೇತಿ ಯಾವಾಗ ಐತ್ರಿ?" ಎಂದು ಕೇಳಿರಿ. ಹತ್ತು ಜನ ಸೇರಿ ಕೇಳಿದರೆ ಮಾತಿಗೆ ತೂಕ ಬರುತ್ತದೆ.

ಆ ಹುಡುಗ ಅಂದು "ನಿಮಗ ತಿಳಿಯಂಗಿಲ್ಲ" ಅಂದಿದ್ದ. ಈಗ ಅವನೇ ಟಾಕಿ ತುಂಬಿಸುವಾಗ, "ಅಕ್ಕಾ, ಮುಚ್ಚಳದ ತೂತು ನೋಡೇನ್ರಿ" ಎಂದು ತಾನಾಗಿ ಹೇಳುತ್ತಾನೆ.

ನೆನಪಿಡೋಣ

ಟಾಕಿಯಿಂದ ಶುರು ಮಾಡಿ ಸಾಲಾಗಿ ನೋಡಬೇಕು.
ಕಸ, ನೀರು, ಗಾಳಿ ಇವು ಮೂವರು ಕಳ್ಳರು.
ಫಿಲ್ಟರಿನವರೆಗೆ ನಾವು. ಅದರಾಚೆ ಮಿಸ್ತ್ರಿ.
ಸೋರುವ ಪೈಪಿಗೆ ಬೆರಳು ಇಡಬಾರದು. ಬಾಯಿಂದ ಡೀಸೆಲ್ ಎಳೆಯಬಾರದು.
ತಾಸು, ಲೀಟರ್, ಖರ್ಚು ವಹಿಯಲ್ಲಿ ಬರೆಯಬೇಕು.

ಕೂಡಿ ಮಾತಾಡೋಣ

1. ಡೀಸೆಲ್ಲಿನ ದಾರಿಯ ಏಳು ಠಾಣೆ ಯಾವುವು? ನೋಡದೆ ಬರೆಯಿರಿ.
2. ಟ್ರ್ಯಾಕ್ಟರ್ ಓಡಿ ಓಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಚಾಲು ಆಗುತ್ತದೆ. ನೀವು ಮೊದಲು ಏನು ನೋಡುತ್ತೀರಿ?
3. 6 ತಾಸಿಗೆ 24 ಲೀಟರ್ ಡೀಸೆಲ್ ಹೋದರೆ ಒಂದು ತಾಸಿಗೆ ಎಷ್ಟು?
4. ನಿಮ್ಮ ಮನೆಯಲ್ಲಿ ಡೀಸೆಲ್ ಎಲ್ಲಿ ಇಡುತ್ತೀರಿ? ಅಲ್ಲಿ ಕೂಸುಗಳ ಕೈ ಮುಟ್ಟುತ್ತದೆಯೇ?